ತಾಳೆ

ನಿವೃತ್ತಿಗೆ ಇನ್ನೂ ಮೂರು ವರ್ಷ ಇದೆ ಎನ್ನುವಾಗಲೇ ಜನ ಕೇಳತೊಡಗಿದ್ದಾರೆ, "ಮುಂದೇನು ಮಾಡ್ತೀರಿ ಮೇಡಂ?" ಕೇಳಿದವರೇ ಉತ್ತರವನ್ನೂ ಕೊಟ್ಟುಬಿಡುತ್ತಾರೆ. ಮೊಮ್ಮಕ್ಕಳು, ಭಜನೆ, ಒಂದು ಕಾಶಿಯಾತ್ರೆ, ಆರೋಗ್ಯ ನೋಡಿಕೊಂಡು ಸುಮ್ಮನಿರುವುದು. ನಾನು ನಕ್ಕು ಹೂಂ ಅನ್ನುತ್ತೇನೆ. ಮನಸ್ಸಿನಲ್ಲಿ ಮಾತ್ರ ಅಪ್ಪಯ್ಯನ ನೆನಪಾಗುತ್ತದೆ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ನಮ್ಮ ಅಪ್ಪಯ್ಯ ಮಾಡಿಕೊಂಡ ಕೆಲಸ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಅವರು ಬೇಸ್‌ಬಾಲ್ ಆಟದ ಲೆಕ್ಕ ಬರೆಯಲು ಕಲಿತರು.

ಅಪ್ಪಯ್ಯ ಸಾಗರದ ಕಡೆಯ ಒಂದು ಹಳ್ಳಿಯ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರು. ಜಮಾ ಖರ್ಚು ತಾಳೆಯಾಗದೆ ಮನೆಗೆ ಬಂದವರಲ್ಲ. ಒಂದು ಸಂಜೆ ಹನ್ನೆರಡು ಪೈಸೆ ವ್ಯತ್ಯಾಸ ಬಂತೆಂದು ರಾತ್ರಿ ಹತ್ತರವರೆಗೆ ಲಾಟೀನು ಹಚ್ಚಿಕೊಂಡು ಕೂತಿದ್ದರಂತೆ. ಅಮ್ಮ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. "ಕೈಯಿಂದ ಹನ್ನೆರಡು ಪೈಸೆ ಹಾಕಿ ಬಂದಿದ್ದರೆ ಆಗ್ತಿರಲಿಲ್ವಾ?" "ಹಾಕಬಹುದಿತ್ತು. ತಪ್ಪು ಎಲ್ಲಿ ಅಂತ ಗೊತ್ತಾಗ್ತಿರಲಿಲ್ಲ" ಎನ್ನುತ್ತಿದ್ದರು ಅಪ್ಪಯ್ಯ. 1994ರಲ್ಲಿ ನಿವೃತ್ತರಾದ ಮೇಲೂ ಊರವರ ಅರ್ಜಿ, ಪಹಣಿ, ಪಾಲುಪಟ್ಟಿ ಎಂದು ಒಂದಿಷ್ಟು ವರ್ಷ ಕಳೆಯಿತು. ಆಮೇಲೆ ಅದೂ ನಿಂತಿತು. ಎಲ್ಲ ಕಂಪ್ಯೂಟರಿನಲ್ಲಿ ಬರತೊಡಗಿದ ಮೇಲೆ ಅಪ್ಪಯ್ಯನ ಗುಂಡು ಅಕ್ಷರ ಯಾರಿಗೂ ಬೇಕಾಗಲಿಲ್ಲ.

2013ರ ಕಾರ್ತಿಕ ಶುದ್ಧ ಸಪ್ತಮಿಯ ದಿನ ಅಮ್ಮ ಹೋದಳು. ಆ ಮೇಲೆ ಅಪ್ಪಯ್ಯ ಜಗಲಿಯಲ್ಲಿ ಕೂತರೆ ಕೂತೇ ಇರುತ್ತಿದ್ದರು. ಪೇಪರು ಮಡಿಚಿದ ಹಾಗೇ ಇರುತ್ತಿತ್ತು. ಬಂದವರೆಲ್ಲ, "ಇನ್ನೇನು, ರಾಮಾ ಕೃಷ್ಣಾ ಅಂತ ಇದ್ದುಬಿಡಿ" ಎನ್ನುತ್ತಿದ್ದರು. ಸಮಾಧಾನಕ್ಕೆ ಹೇಳುವ ಮಾತು ಅದು. ಆದರೆ ಒಬ್ಬ ಮನುಷ್ಯನಿಗೆ "ನಿನ್ನಿಂದ ಇನ್ನು ನಮಗೇನೂ ಆಗಬೇಕಾಗಿಲ್ಲ" ಎಂದು ಇದಕ್ಕಿಂತ ಮೃದುವಾಗಿ ಹೇಳುವುದು ಕಷ್ಟ.

ಮರುವರ್ಷ ಏಪ್ರಿಲ್‌ನಲ್ಲಿ ತಮ್ಮ ಅವರನ್ನು ಅಮೆರಿಕಕ್ಕೆ ಕರೆದುಕೊಂಡು ಹೋದ. ಅವನಿರುವುದು ಕ್ಯಾನ್ಸಸ್ ಸಿಟಿಯ ಪಕ್ಕದ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ. ಬೆಳಿಗ್ಗೆ ಎಲ್ಲರೂ ಹೊರಟುಹೋದರೆ ಸಂಜೆಯವರೆಗೆ ಮನೆಯೊಳಗೆ ಅಪ್ಪಯ್ಯ ಮತ್ತು ಫ್ರಿಜ್ಜಿನ ಸದ್ದು. ಅಲ್ಲಿಗೆ ಹೋಗಿ ಬಂದ ನಮ್ಮ ಕಡೆಯ ತಂದೆತಾಯಿಗಳೆಲ್ಲ ಹೇಳುವ ಕಥೆಯೇ ಇದು. ಒಂದು ಶನಿವಾರ ಹತ್ತು ವರ್ಷದ ಮೊಮ್ಮಗನ ಆಟ ನೋಡಲು ಅವರನ್ನೂ ಕರೆದೊಯ್ದರು. ಮಕ್ಕಳ ತಂಡದ ಲೆಕ್ಕ ಬರೆಯುತ್ತಿದ್ದ ಒಬ್ಬ ಹುಡುಗನ ತಂದೆ ಆ ದಿನ ಬಂದಿರಲಿಲ್ಲ. ಬೆಂಚಿನ ಮೇಲೆ ಅಗಲವಾದ ಒಂದು ಪುಸ್ತಕ ತೆರೆದುಕೊಂಡು ಬಿದ್ದಿತ್ತು. ತುಂಬ ಚೌಕಗಳು, ಪ್ರತಿ ಚೌಕದಲ್ಲಿ ಒಂದು ಸಣ್ಣ ವಜ್ರದ ಆಕಾರ, ಕೆಳಗೆ ಮೊತ್ತ ಬರೆಯುವ ಸಾಲು. ಅಪ್ಪಯ್ಯನಿಗೆ ಆಟ ಅರ್ಥವಾಗಲಿಲ್ಲ. ಪುಸ್ತಕ ಅರ್ಥವಾಗುವಂಥದ್ದು ಅನ್ನಿಸಿತು.

ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತನಾದ ಕಪ್ಪು ಜನಾಂಗದ ಒಬ್ಬ ಮುದುಕ ಇದ್ದ. ಹೆಚ್ಚುಕಡಿಮೆ ಅಪ್ಪಯ್ಯನದೇ ವಯಸ್ಸು. ಸಂಜೆ ಜಗಲಿಯಂಥ ಮುಂಗಟ್ಟಿನಲ್ಲಿ ರೇಡಿಯೋ ಇಟ್ಟುಕೊಂಡು ಆಟ ಕೇಳುತ್ತ ಅಂಥದೇ ಪುಸ್ತಕದಲ್ಲಿ ಬರೆಯುತ್ತಿದ್ದ. ಅಪ್ಪಯ್ಯ ಕಚೇರಿಯ ಇಂಗ್ಲಿಷಿನಲ್ಲಿ "ಕೈಂಡ್ಲಿ ಎಕ್ಸ್‌ಪ್ಲೇನ್" ಎಂದು ಹೋಗಿ ಕೂತರಂತೆ. ಒಂದು ತಿಂಗಳಲ್ಲಿ ಕಲಿತರು.

ನಮ್ಮ ಓದುಗರಿಗೆ ಕ್ರಿಕೆಟ್ ಗೊತ್ತಿರುವುದರಿಂದ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಎರಡು ತಂಡ, ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಪ್ರತಿ ತಂಡಕ್ಕೆ ಮೂರು ಔಟ್. ಹೊಡೆದವನು ಮೊದಲನೆಯ, ಎರಡನೆಯ, ಮೂರನೆಯ ಬೇಸ್ ಮುಟ್ಟಿ, ಹೊರಟ ಜಾಗಕ್ಕೇ ಮರಳಿ ಬಂದರೆ ಒಂದು ರನ್. ಆ ಜಾಗಕ್ಕೆ ಅವರು ಹೋಮ್ ಎನ್ನುತ್ತಾರೆ. ಇಷ್ಟೇ ಹೊತ್ತಿನಲ್ಲಿ ಆಟ ಮುಗಿಯಬೇಕೆಂಬ ಹಂಗಿಲ್ಲ, ಸಮವಾದರೆ ಆಟ ಮುಂದುವರಿಯುತ್ತದೆ. ಹತ್ತರಲ್ಲಿ ಮೂರು ಸಲ ಸರಿಯಾಗಿ ಹೊಡೆದವನು ಬಹಳ ಒಳ್ಳೆಯ ಆಟಗಾರ, ಅಂದರೆ ಏಳು ಸಲ ಸೋತವನು. ದೊಡ್ಡ ತಂಡಗಳು ಒಂದು ಋತುವಿನಲ್ಲಿ 162 ಆಟ ಆಡುತ್ತವೆ.

ಲೆಕ್ಕದ ಪುಸ್ತಕ ಇನ್ನೂ ಸೊಗಸು. ಆಟಗಾರ ನಿಲ್ಲುವ ಜಾಗಕ್ಕೆ ಒಂದರಿಂದ ಒಂಬತ್ತರವರೆಗೆ ಅಂಕಿ. ಆರನೆಯವನು ಹಿಡಿದು ಮೂರನೆಯವನಿಗೆ ಎಸೆದು ಔಟ್ ಮಾಡಿದರೆ 6-3 ಎಂದು ಬರೆದರಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತ ಈ ಲೆಕ್ಕದ ಕ್ರಮಕ್ಕೆ ರೂಪ ಕೊಟ್ಟವನು. ತನ್ನ ಔಟ್ ಕೊಟ್ಟು ಮುಂದಿನವನನ್ನು ಒಂದು ಬೇಸ್ ಮುಂದೆ ಕಳಿಸಿದವನಿಗೆ ತ್ಯಾಗ ಎಂದು ಬರೆಯುತ್ತಾರೆ. ಅದರಿಂದ ಅವನ ಸರಾಸರಿ ಕೆಡುವುದಿಲ್ಲ. ಹಿಡಿಯಬೇಕಾದ ಚೆಂಡನ್ನು ಬಿಟ್ಟವನ ಹೆಸರಿಗೆ ತಪ್ಪು ಎಂದು ಬರೆಯುತ್ತಾರೆ. ಫಲಕದ ಮೇಲೆ ರನ್, ಹಿಟ್, ಮೂರನೆಯ ಅಂಕಣದಲ್ಲಿ ತಪ್ಪು, ಎಲ್ಲರಿಗೂ ಕಾಣುವ ಹಾಗೆ. ಕೊನೆಯಲ್ಲಿ ಲೆಕ್ಕ ತಾಳೆ ನೋಡಲು ನಿಯಮ ಇದೆ. ಒಂದು ಕಡೆ ಬ್ಯಾಟ್ ಮಾಡಿದ್ದು, ಪುಕ್ಕಟೆ ಬೇಸ್ ಸಿಕ್ಕಿದ್ದು, ತ್ಯಾಗ ಮಾಡಿದ್ದು ಎಲ್ಲ ಕೂಡಬೇಕು. ಇನ್ನೊಂದು ಕಡೆ ರನ್ ಮಾಡಿದವರು, ಔಟಾದವರು, ಮರಳಿ ಬರಲಾಗದೆ ಬೇಸಿನ ಮೇಲೇ ಉಳಿದವರು. ಎರಡೂ ಮೊತ್ತ ಸಮವಾಗಲೇಬೇಕು. ಇದನ್ನು ಕೇಳಿದ ದಿನ ಅಪ್ಪಯ್ಯ ನನಗೆ ಫೋನು ಮಾಡಿ, "ಜಮಾ ಖರ್ಚಿನ ಪುಸ್ತಕವೇ ಮಾರಾಯ್ತಿ!" ಎಂದರು. ಅಮ್ಮ ಹೋದ ಮೇಲೆ ಆ ಗಂಟಲು ನಾನು ಕೇಳಿದ್ದು ಅದೇ ಮೊದಲು.

ಜೂನ್ ಹೊತ್ತಿಗೆ ಮಕ್ಕಳ ತಂಡದ ಪುಸ್ತಕ ಅಪ್ಪಯ್ಯನ ಕೈಗೆ ಬಂದಿತ್ತು. ಒಂದು ದಿನ ಒಬ್ಬ ಹುಡುಗ ಸುಲಭದ ಚೆಂಡು ಬಿಟ್ಟ. ಅಪ್ಪಯ್ಯ ತಪ್ಪು ಎಂದು ಬರೆದರು. ಹುಡುಗನ ತಾಯಿ ಬಂದು, ಅದನ್ನು ಎದುರಾಳಿಯ ಹಿಟ್ ಎಂದು ಬರೆಯಬಾರದೆ, ಮಗ ಅಳುತ್ತಾನೆ ಎಂದಳು. ಅಪ್ಪಯ್ಯ ಒಪ್ಪಲಿಲ್ಲ. ಆ ಹುಡುಗನನ್ನು ಕರೆದು ಪುಸ್ತಕ ತೋರಿಸಿದರಂತೆ: "ನೋಡು, ತಪ್ಪು ಇಲ್ಲಿ ಒಂದೇ ಒಂದು ಚೌಕದಲ್ಲಿದೆ. ಉಳಿದ ಚೌಕ ಇನ್ನೂ ಖಾಲಿ." ಇದನ್ನು ಹೇಳಿದ್ದು ತಮ್ಮ. ನಾನು ಮೇಡಂ ಆಗಿ ಎಷ್ಟು ಸಲ ಪಾಪ ಎಂದು ಅಂಕ ಕೂಡಿಸಿದ್ದೇನೋ, ಎಷ್ಟು ಸಲ ಒಂದು ತಪ್ಪಿಗೆ ಇಡೀ ಹುಡುಗನನ್ನೇ ತಪ್ಪು ಎಂದು ಬರೆದಿದ್ದೇನೋ ಎಂದು ಆ ರಾತ್ರಿ ಯೋಚಿಸಿದೆ.

ಆ ವರ್ಷ ಕ್ಯಾನ್ಸಸ್ ಸಿಟಿಯ ರಾಯಲ್ಸ್ ತಂಡ 29 ವರ್ಷಗಳ ನಂತರ ಅಂತಿಮ ಘಟ್ಟದ ಆಟಗಳಿಗೆ ಬಂತು. ಅಮ್ಮನ ವರ್ಷಾಂತಿಕಕ್ಕೆಂದು ಅಪ್ಪಯ್ಯ, ತಮ್ಮ ಅಕ್ಟೋಬರ್ ನಡುವಿನಲ್ಲೇ ಊರಿಗೆ ಬಂದರು. ಸಪ್ತಮಿ ಬಿದ್ದದ್ದು ಅಕ್ಟೋಬರ್ 30, ಗುರುವಾರ. ವರ್ಲ್ಡ್ ಸೀರೀಸ್‌ನ ಏಳನೆಯ, ಕೊನೆಯ ಆಟ ಕ್ಯಾನ್ಸಸ್ ಸಿಟಿಯಲ್ಲಿ 29ರ ರಾತ್ರಿ. ನಮಗೆ ಅದು 30ರ ಬೆಳಗಿನ ಜಾವ ಐದೂವರೆ ದಾಟಿದ ಹೊತ್ತು.

ನಮ್ಮ ಹಳ್ಳಿಯ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಂಗಳದ ತುಳಸಿಕಟ್ಟೆಯ ಹತ್ತಿರ ಮಾತ್ರ. ಅಪ್ಪಯ್ಯ ಶಾಲು ಹೊದ್ದು ಅಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಆ ಕಡೆಯಿಂದ ಮೊಮ್ಮಗ ಟಿವಿ ನೋಡುತ್ತ ಒಂದೊಂದು ಚೆಂಡನ್ನೂ ಹೇಳುತ್ತಿದ್ದ. ಇವರು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದರು. ನಾನು ಸ್ನಾನ ಮಾಡಿ ಮಡಿಯಲ್ಲಿ ಅಡುಗೆಗೆ ನಿಂತಿದ್ದೆ. ಒಳಗೆ ಹೊರಗೆ ಓಡಾಡುವಾಗೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಎಂಟೂವರೆ ಕಳೆದಿತ್ತು. ಭಟ್ಟರು ಬರುವ ಹೊತ್ತು. ಅಪ್ಪಯ್ಯ ಏನೋ ಕೇಳಿ ಜೋರಾಗಿ, "ಮೂರನೇ ಬೇಸಿಗೆ ಬಂದ್ನಾ!" ಎಂದು ಕೂಗಿ ನಕ್ಕರು.

ಆ ನಗು ನನ್ನ ಹೊಟ್ಟೆಗೆ ಬೆಂಕಿ ಹಾಕಿತು. ಅಂಗಳಕ್ಕೆ ಹೋಗಿ ಹೇಳಿದೆ: "ಅಪ್ಪಯ್ಯಾ, ಇವತ್ತೊಂದು ದಿನವಾದ್ರೂ ಬಿಡಬಾರದಾ? ಅಮ್ಮ ಹೋಗಿ ಒಂದು ವರ್ಷ ಆಯ್ತಷ್ಟೆ. ನಿಮಗೆ ಅವಳಿಗಿಂತ ಆಟ ಹೆಚ್ಚಾಯ್ತಾ?"

ಅಪ್ಪಯ್ಯ ಏನೂ ಹೇಳಲಿಲ್ಲ. ಫೋನನ್ನು ತುಳಸಿಕಟ್ಟೆಯ ಮೇಲಿಟ್ಟರು, ಪುಸ್ತಕ ಮುಚ್ಚಿದರು, ಕಾಲು ತೊಳೆಯಲು ಬಚ್ಚಲಿನ ಕಡೆ ಹೋದರು. ಫೋನಿನಲ್ಲಿ ಹುಡುಗ "ಅಜ್ಜಾ, ಅಜ್ಜಾ, ಇದ್ದೀಯಾ?" ಎನ್ನುತ್ತಲೇ ಇದ್ದ. ನಾನೇ ಎತ್ತಿಕೊಂಡು, "ಇವತ್ತು ಪೂಜೆ ಇದೆ ಮಗಾ, ಆಮೇಲೆ" ಎಂದು ಕಟ್ ಮಾಡಿದೆ. ಕೊನೆಯ ಇನ್ನಿಂಗ್ಸ್, ಎರಡು ಔಟ್, ಒಂದೇ ರನ್ನಿನ ಅಂತರ, ಗಾರ್ಡನ್ ಎಂಬ ಆಟಗಾರ ಮೂರನೆಯ ಬೇಸ್‌ನಲ್ಲಿ ನಿಂತಿದ್ದಾನೆ ಎಂಬುದೆಲ್ಲ ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. ಅವನು ಅಲ್ಲೇ ಉಳಿದ. ಮುಂದಿನವನ ಚೆಂಡು ಮೇಲಕ್ಕೆ ಚಿಮ್ಮಿ ಎದುರಾಳಿಯ ಕೈಗೆ ಬಿತ್ತು. 3-2. ರಾಯಲ್ಸ್ ಸೋತಿತು.

ಒಂದು ವಾರ ಅಪ್ಪಯ್ಯ ಆಟದ ಮಾತೆತ್ತಲಿಲ್ಲ. ಒಂದು ಸಂಜೆ ಅಡಿಕೆ ಸುಲಿಯುವವರ ನಡುವೆ ಕೂತಿದ್ದಾಗ ಅವರಾಗಿಯೇ ಹೇಳಿದರು, ಯಾರಿಗೋ ಹೇಳುವ ಹಾಗೆ: "ನಾನು ನಿನ್ನ ಅಮ್ಮನ್ನ ಮರೆತೆ ಅಂತ ನಿಂಗೆ ಅನ್ನಿಸ್ತು. ಹೌದು, ಆ ಮೂರು ಗಂಟೆ ಮರೆತಿದ್ದೆ. ಉಳಿದ ಇಪ್ಪತ್ತೊಂದು ಗಂಟೆ ನೀವು ಯಾರಾದ್ರೂ ನೋಡಿದ್ದೀರಾ?"

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕೇಳಿದ್ದು ಅಮ್ಮನ ಪರವಾಗಿ ಎಂದು ಅಂದುಕೊಂಡಿದ್ದೆ. ನಿಜವಾಗಿ ನನಗೆ ಬೇಕಾಗಿದ್ದದ್ದು ಅಪ್ಪಯ್ಯನ ದುಃಖ. ಅವರು ಕುಗ್ಗಿ ಕೂತಿದ್ದರೆ ಅಮ್ಮನ ಬೆಲೆ ಉಳಿಯಿತು ಎಂದು ನನಗೆ ನೆಮ್ಮದಿ. ಮುದುಕರ ದುಃಖವನ್ನು ನಾವು ಮಕ್ಕಳು ಹೀಗೆ ನಮ್ಮ ಖಾತೆಗೆ ಜಮಾ ಮಾಡಿಕೊಳ್ಳುತ್ತೇವೆ. ನಮಗೆ ಅಳಲು ಪುರುಸೊತ್ತಿಲ್ಲ. ಅವರು ನಮ್ಮ ಪರವಾಗಿ ಅಳುತ್ತಿರಲಿ. ಕಾರಂತರು ತೊಂಬತ್ತು ದಾಟಿಯೂ ಬರೆದರೆ ಭಲೇ ಎನ್ನುತ್ತೇವೆ. ನಮ್ಮದೇ ಅಪ್ಪಯ್ಯ ಎಪ್ಪತ್ತೆಂಟಕ್ಕೆ ಪೆನ್ಸಿಲು ಹಿಡಿದರೆ, ಈ ವಯಸ್ಸಿಗೆ ಇದೇನು ಮೋಹ ಎನ್ನುತ್ತೇವೆ.

2015ರ ಬೇಸಿಗೆ ರಜೆಯಲ್ಲಿ ನಾನೂ ಹೋದೆ. ಪಕ್ಕದ ಮನೆಯ ಆ ಮುದುಕ ನಮ್ಮನ್ನು ಕ್ಯಾನ್ಸಸ್ ಸಿಟಿಯ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದ. ಕಪ್ಪು ಜನರನ್ನು ದೊಡ್ಡ ತಂಡಗಳಿಗೆ ಸೇರಿಸದೆ ಇದ್ದ ಕಾಲದಲ್ಲಿ, 1920ರಲ್ಲಿ, ಅದೇ ಊರಿನಲ್ಲಿ ಅವರು ತಮ್ಮದೇ ಲೀಗ್ ಕಟ್ಟಿಕೊಂಡರು. ಒಳಗೆ ಹೋದ ಕೂಡಲೇ ತಂತಿಬಲೆಯ ಆಚೆ ಒಂದು ಮೈದಾನ, ಅದರಲ್ಲಿ ಕಂಚಿನ ಆಟಗಾರರು. ಒಳಗೆ ಹೋಗಲು ದಾರಿಯಿಲ್ಲ. ಇಡೀ ಚರಿತ್ರೆ ನೋಡಿ ಮುಗಿಸಿದ ಮೇಲೆ ಕೊನೆಯಲ್ಲಿ ಮೈದಾನಕ್ಕೆ ಬಿಡುತ್ತಾರೆ. ಊರಿನ ತಂಡವಾದ ಮೊನಾರ್ಕ್ಸ್‌ನಲ್ಲಿ 1954ರಲ್ಲಿ ಟೋನಿ ಸ್ಟೋನ್ ಎಂಬ ಹೆಂಗಸೂ ಆಡಿದ್ದಳು ಎಂದು ತಿಳಿದು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಆ ಮುದುಕ ಹುಡುಗನಾಗಿದ್ದಾಗ ನೋಡಿದ್ದ ಬಕ್ ಓ'ನೀಲ್ ಬಗ್ಗೆ ಹೇಳಿದ. 1911ರಲ್ಲಿ ಹುಟ್ಟಿದವನು. ಫ್ಲಾರಿಡಾದಲ್ಲಿ ಸೆಲೆರಿ ಸೊಪ್ಪಿನ ಹೊಲದಲ್ಲಿ ದುಡಿದವನು. ಊರಿನ ಹೈಸ್ಕೂಲಿಗೆ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. ಮೊನಾರ್ಕ್ಸ್‌ನಲ್ಲಿ ಆಡಿದ, ಆಮೇಲೆ ಅದರ ಮ್ಯಾನೇಜರ್ ಆದ. 1962ರಲ್ಲಿ ದೊಡ್ಡ ಲೀಗ್‌ಗಳ ಮೊದಲ ಕಪ್ಪು ಕೋಚ್ ಆದ. ದೇಶಕ್ಕೆ ಅವನ ಮುಖ ಗೊತ್ತಾದದ್ದು 1994ರಲ್ಲಿ ಕೆನ್ ಬರ್ನ್ಸ್ ಟಿವಿಗೆ ಮಾಡಿದ ಬೇಸ್‌ಬಾಲ್ ಸಾಕ್ಷ್ಯಚಿತ್ರದಿಂದ, ಅವನ ಎಂಬತ್ತೆರಡನೆಯ ವಯಸ್ಸಿನಲ್ಲಿ. ಸತ್ತುಹೋದ ಜತೆಗಾರರ ಕಥೆ ಹೇಳುವುದೇ ಅವನ ಕೆಲಸವಾಯಿತು. 1990ರಲ್ಲಿ ಒಂದು ಕೋಣೆಯಲ್ಲಿ ಶುರುವಾದ ಈ ಮ್ಯೂಸಿಯಮ್ಮಿಗಾಗಿ ಊರೂರು ಸುತ್ತಿದ. 2006ರಲ್ಲಿ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ ಕಪ್ಪು ಬೇಸ್‌ಬಾಲಿನ ಹದಿನೇಳು ಜನರನ್ನು ಒಟ್ಟಿಗೆ ಆರಿಸಿದರು. ಅವನನ್ನು ಬಿಟ್ಟರು. ಆ ಹದಿನೇಳು ಜನರಲ್ಲಿ ಒಬ್ಬರೂ ಬದುಕಿರಲಿಲ್ಲ. ಅವರ ಪರವಾಗಿ ಮಾತಾಡಲು ಜುಲೈನಲ್ಲಿ ಹೋದವನು ಇದೇ ಓ'ನೀಲ್, ತೊಂಬತ್ತನಾಲ್ಕರ ಮುದುಕ. ವೇದಿಕೆಯಿಂದ ಎಲ್ಲರನ್ನೂ ಕೈ ಕೈ ಹಿಡಿಸಿ ಹಾಡಿಸಿದನಂತೆ. ಅದೇ ತಿಂಗಳು ಒಂದು ಸಣ್ಣ ಲೀಗಿನ ಆಟದಲ್ಲಿ ಬ್ಯಾಟು ಹಿಡಿದೂ ನಿಂತಿದ್ದ. ಅಕ್ಟೋಬರ್‌ನಲ್ಲಿ ತೀರಿಕೊಂಡ. ರಾಯಲ್ಸ್‌ನ ಕಾಫ್‌ಮನ್ ಸ್ಟೇಡಿಯಮ್ಮಿನಲ್ಲಿ ನೀಲಿ ಕುರ್ಚಿಗಳ ನಡುವೆ ಅವನ ಹೆಸರಿನ ಒಂದು ಕೆಂಪು ಕುರ್ಚಿ ಇತ್ತು. ಊರಿಗೆ ಒಳ್ಳೆಯದು ಮಾಡಿದ ಯಾರಾದರೂ ಒಬ್ಬರನ್ನು ಪ್ರತಿ ಆಟಕ್ಕೂ ಅಲ್ಲಿ ಕೂರಿಸುತ್ತಿದ್ದರು.

ನನಗೆ ಒಂದು ಅನುಮಾನ ಬಂತು. ಇಷ್ಟು ಅನ್ಯಾಯಕ್ಕೆ ಕಹಿಯಾಗದೆ ಇರುವುದು ಒಳ್ಳೆಯತನವೋ, ಅನ್ಯಾಯ ಮಾಡಿದವರಿಗೆ ಕೊಟ್ಟ ರಿಯಾಯಿತಿಯೋ? ಮರಳುವಾಗ ಅಪ್ಪಯ್ಯನನ್ನು ಕೇಳಿದೆ. "ರಿಯಾಯಿತಿ ಎಲ್ಲಿ ಕೊಟ್ಟ? ಇಡೀ ಕಟ್ಟಡ ತುಂಬ ಬರೆದಿಟ್ಟಿದ್ದಾನಲ್ಲ ತಪ್ಪನ್ನ" ಎಂದರು. ಆ ಮಾತು ನನಗೆ ಈಗಲೂ ಬೇಕಾಗುತ್ತದೆ. ತಪ್ಪನ್ನು ಹೊಡೆದುಹಾಕದೆ, ಯಾರದೆಂದು ಬರೆದು, ಮುಂದಿನ ಚೌಕಕ್ಕೆ ಹೋಗುವುದು. ಕ್ಷಮೆ ಎಂದು ನಾವು ಹೇಳುವುದರಲ್ಲಿ ಹೆಚ್ಚಿನ ಪಾಲು ಬರೆಯದೆ ಬಿಟ್ಟ ಲೆಕ್ಕವೇ ಇರುತ್ತದೆ.

ಹಾಗಾದರೆ ಮುಪ್ಪಿನಲ್ಲಿ ಬದುಕಿಗೆ ಅರ್ಥ ಕೊಡುವುದು ಯಾವುದು? ಹೊತ್ತು ಕಳೆಯಲು ಟಿವಿ ಇದೆ, ಪಾರ್ಕಿನ ಬೆಂಚಿದೆ. ಅಪ್ಪಯ್ಯನಿಗೆ ಅವು ಸಾಲದೆ ಪುಸ್ತಕ ಹಿಡಿಸಿತು ಏಕೆ ಎಂದು ಯೋಚಿಸಿದ್ದೇನೆ. ಪುಸ್ತಕದಲ್ಲಿ ಅವರು ತಪ್ಪು ಮಾಡಬಹುದಿತ್ತು. ಮಾಡಿದರೆ ಲೆಕ್ಕ ತಾಳೆಯಾಗುತ್ತಿರಲಿಲ್ಲ, ಹನ್ನೊಂದು ಹುಡುಗರಿಗೆ ಅದು ಗೊತ್ತಾಗುತ್ತಿತ್ತು. ನಾವು ಮುದುಕರನ್ನು ಗೌರವದ ಹೆಸರಿನಲ್ಲಿ ಎಂಥ ಜಾಗದಲ್ಲಿ ಕೂರಿಸುತ್ತೇವೆಂದರೆ, ಅಲ್ಲಿ ಅವರು ತಪ್ಪಿದರೂ ಏನೂ ಆಗುವುದಿಲ್ಲ. "ಹೋಗ್ಲಿ ಬಿಡಿ, ವಯಸ್ಸಾಯ್ತು" ಎಂದುಬಿಡುತ್ತೇವೆ. ನಮ್ಮ ತಪ್ಪಿಗೆ ಬೆಲೆಯಿಲ್ಲದ ಕಡೆ ನಮಗೂ ಬೆಲೆಯಿಲ್ಲ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಲೆಕ್ಕವೂ ಅರ್ಧವೇ. ಅಪ್ಪಯ್ಯನನ್ನು ಪ್ರತಿ ಶನಿವಾರ ಮೈದಾನಕ್ಕೆ ಬಿಟ್ಟು, ಕಾದು, ಕರೆತಂದವಳು ತಮ್ಮನ ಹೆಂಡತಿ. ಬುತ್ತಿ ಕಟ್ಟಿದವಳೂ ಅವಳೇ. ಇನ್ನು ಅಮ್ಮನಿಗೆ ನಿವೃತ್ತಿ ಎಂಬುದೇ ಬರಲಿಲ್ಲ. ಹೋಗುವ ಹಿಂದಿನ ದಿನವೂ ದೋಸೆಗೆ ಅಕ್ಕಿ ನೆನೆಹಾಕಿದ್ದಳು. ಅವಳಿಗೆ ಬದುಕಿನ ಉದ್ದೇಶ ಏನೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಸಾರಿಗೆ ಉಪ್ಪು ಹೆಚ್ಚಾದರೆ ಮಾತ್ರ ಮನೆಮಂದಿಗೆಲ್ಲ ಗೊತ್ತಾಗುತ್ತಿತ್ತು. ತಪ್ಪನ್ನಷ್ಟೇ ಬರೆದು ತ್ಯಾಗದ ಅಂಕಣವನ್ನೇ ಇಡದ ಪುಸ್ತಕ ಅದು. ಮುಪ್ಪಿನಲ್ಲಿ ಹೊಸ ಹುರುಪು ಸಿಗಬೇಕಾದರೆ ಮೊದಲು ಒಂದು ಕೆಲಸ ಮುಗಿಯಬೇಕು. ಎಷ್ಟೋ ಹೆಂಗಸರಿಗೆ ಅದು ಮುಗಿಯುವುದೇ ಇಲ್ಲ.

2015ರ ನವೆಂಬರ್ 2, ಸೋಮವಾರ. ಅಪ್ಪಯ್ಯ ಊರಿಗೆ ಬಂದಿದ್ದರು. ಹಿಂದಿನ ದಿನ ಧ್ವಜ ಹಾರಿಸಿದ ಆಯಾಸದಲ್ಲಿ ಶಾಲೆಗೆ ಹೋಗಿದ್ದೆ. ಹನ್ನೊಂದರ ಬಿಡುವಿನಲ್ಲಿ ನಾನೇ ಫೋನು ಮಾಡಿ, "ಏನಾಯ್ತು ಅಪ್ಪಯ್ಯಾ?" ಎಂದು ಕೇಳಿದೆ. ನ್ಯೂಯಾರ್ಕಿನಲ್ಲಿ ಆಗ ಮಧ್ಯರಾತ್ರಿ ಕಳೆದಿತ್ತು. ಒಂಬತ್ತಕ್ಕೆ ಮುಗಿಯಬೇಕಾದ ಆಟ ಹನ್ನೆರಡನೆಯ ಇನ್ನಿಂಗ್ಸ್‌ವರೆಗೆ ಹೋಗಿ, ರಾಯಲ್ಸ್ 7-2ರಿಂದ ಗೆದ್ದು ಚಾಂಪಿಯನ್ ಆಗಿತ್ತು. ಅಪ್ಪಯ್ಯ ಅದನ್ನೆಲ್ಲ ಹೇಳಲಿಲ್ಲ. "ತಾಳೆ ಆಯ್ತು" ಎಂದರು, ಅಷ್ಟೆ.

2019ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮರುವರ್ಷ, ನೀಗ್ರೋ ಲೀಗ್‌ಗಳೂ ದೊಡ್ಡ ಲೀಗ್‌ಗಳೇ ಎಂದು ಅಮೆರಿಕದ ಬೇಸ್‌ಬಾಲ್ ಮಂಡಳಿ ಒಪ್ಪಿಕೊಂಡಿತು. 2022ರಲ್ಲಿ ಓ'ನೀಲ್‌ನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದರು. 2024ರಲ್ಲಿ ಆ ಹಳೆಯ ಲೆಕ್ಕಗಳನ್ನು ಮುಖ್ಯ ಪುಸ್ತಕಕ್ಕೆ ತಂದಾಗ, 1947ರಲ್ಲಿ ತೀರಿಕೊಂಡಿದ್ದ ಜಾಶ್ ಗಿಬ್ಸನ್ ಜೀವಮಾನದ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ಬಂದ. ಎಪ್ಪತ್ತೇಳು ವರ್ಷ ತಡವಾಗಿ. ಮೊಮ್ಮಗ ಅದನ್ನು ನನಗೆ ಫೋನು ಮಾಡಿ ಹೇಳಿದ; ಅಜ್ಜನಿಗೆ ಹೇಳಬೇಕಾದದ್ದನ್ನು ಈಗ ನನಗೆ ಹೇಳುತ್ತಾನೆ.

ಅಪ್ಪಯ್ಯನ ಒಂಬತ್ತು ಪುಸ್ತಕ ನನ್ನ ಬಳಿ ಇವೆ. 2014ರ ಆ ಆಟದ ಪುಟ ತೆಗೆದು ನೋಡಿದೆ. ಒಂಬತ್ತನೆಯ ಇನ್ನಿಂಗ್ಸ್‌ನ ಮೂರನೆಯ ಔಟ್‌ವರೆಗೂ ಎಲ್ಲ ಇದೆ. ಕೊನೆಯ ಚೌಕ ಮಾತ್ರ ಬೇರೆ ಪೆನ್ಸಿಲಿನದು, ಆಮೇಲೆ ಕೇಳಿ ಬರೆದದ್ದು. ಗಾರ್ಡನ್‌ನ ಚೌಕದಲ್ಲಿ ಗೆರೆ ಮೂರನೆಯ ಬೇಸ್‌ವರೆಗೆ ಬಂದು ನಿಂತಿದೆ. ಕೆಳಗೆ ಎರಡು ಮೊತ್ತ, ಪಕ್ಕದಲ್ಲಿ ಸಂಘದ ಪುಸ್ತಕದಲ್ಲಿ ಹಾಕುತ್ತಿದ್ದ ಹಾಗೆಯೇ ಸಣ್ಣ ರುಜು. ನಾನೂ ಒಮ್ಮೆ ಕೂಡಿ ನೋಡಿದೆ. ಸರಿಯಾಗಿದೆ. ತಪ್ಪಿನ ಅಂಕಣದಲ್ಲಿ ಆಟಗಾರರ ತಪ್ಪುಗಳಷ್ಟೇ ಇವೆ. ಆ ಬೆಳಿಗ್ಗೆ ಅಂಗಳದಲ್ಲಿ ನಡೆದದ್ದನ್ನು ಅಪ್ಪಯ್ಯ ಎಲ್ಲಿಯೂ ಬರೆದಿಲ್ಲ. ಅದಕ್ಕೆ ಆ ಪುಸ್ತಕದಲ್ಲಿ ಜಾಗವೂ ಇಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.